ಅಂಗಡಿ ಪೂಜೆಯ ದಿನದ ಲೆಕ್ಕ

ಹೊಸ ಅಂಗಡಿಯಾಗಲಿ, ಸಣ್ಣ ಕಾರ್ಖಾನೆಯಾಗಲಿ, ನಮ್ಮ ಊರುಗಳಲ್ಲಿ ಅದರ ಪ್ರಾರಂಭೋತ್ಸವವು ಮನೆಯ ಶುಭಕಾರ್ಯದಂತೆಯೇ ನೆರವೇರುತ್ತದೆ. ತಳಿರುತೋರಣ, ಗಣಹೋಮ, ಲಕ್ಷ್ಮೀಪೂಜೆ, ಮೊದಲ ಗಿರಾಕಿಯ ಬೋಣಿ, ಬಂಧುಗಳಿಗೆ ಊಟ. ಅರಿಶಿನ ಕುಂಕುಮ ಹಚ್ಚಿ 'ಶ್ರೀ' ಎಂದು ಬರೆದ ಕಿರ್ದಿ ಪುಸ್ತಕಕ್ಕೂ ಪೂಜೆ ಸಲ್ಲುತ್ತದೆ. ಆದರೆ ಆ ಕಿರ್ದಿಯಲ್ಲಿ ಅಂದಿನ ಹಣದ ವ್ಯವಹಾರವೇ ದಾಖಲಾಗದಿರುವುದನ್ನು ಲೆಕ್ಕ ಪರಿಶೋಧಕರಾದ ನಾವು ಅನೇಕ ಸಲ ಕಂಡಿದ್ದೇವೆ.

ಮೊದಲಿಗೆ ದಿನಾಂಕದ ವಿಚಾರ. ವ್ಯವಹಾರವು ಸಿದ್ಧವಾಗುವುದು ಬೇರೆ, ಆರಂಭವಾಗುವುದು ಬೇರೆ ಎಂದು ಮುಂಬಯಿ ಉಚ್ಚ ನ್ಯಾಯಾಲಯವು 1954ರಲ್ಲಿ ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ವಿವೇಚಿಸಿದೆ. ಸರಕು ಕಪಾಟು ಸೇರಿ, ಮಾರಾಟಕ್ಕೆ ಯಾವ ಅಡ್ಡಿಯೂ ಉಳಿಯದ ದಿನ ಅಂಗಡಿ ಸಿದ್ಧವಾದಂತೆ. ಆ ಬಳಿಕ ಬೋಣಿ ತಡವಾದರೂ ನಡುವಿನ ಬಾಡಿಗೆ, ಸಂಬಳಗಳನ್ನು ವೆಚ್ಚವಾಗಿ ಕಳೆಯಬಹುದು. ಆಷಾಢ ಕಳೆಯಲೆಂದು ಬೀಗ ಹಾಕಿಕೊಂಡು ಕಾಯುವವರಿಗೆ ಇದು ಸಣ್ಣ ಮೊತ್ತವಲ್ಲ.

ಖರ್ಚಿನ ಬಾಬ್ತಿನಲ್ಲಿ, ಕರೆಯೋಲೆ ಮತ್ತು ಜಾಹೀರಾತು ವ್ಯವಹಾರಕ್ಕೆ ಸೇರಿದವು. ಹೆಣ್ಣುಮಕ್ಕಳಿಗೆ ಕೊಟ್ಟ ಸೀರೆ ಮನೆಯದು, ಅದನ್ನು ಮಾಲೀಕರ ಸ್ವಂತ ಖಾತೆಗೇ ಬರೆಯಬೇಕು. ಪುರೋಹಿತರ ದಕ್ಷಿಣೆಗೆ ಬಿಲ್ಲು ಕೇಳುವಂತಿಲ್ಲ, ಸಹಿ ಪಡೆದ ಓಚರು ಸಾಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದು ಪಾವತಿಸಿದರೆ, ಸಾಮಾನ್ಯವಾಗಿ ಆ ವೆಚ್ಚವನ್ನು ಆದಾಯದಿಂದ ಕಳೆಯಲು ಬಾರದು. ಊಟದ ಗುತ್ತಿಗೆಯ ಮೇಲಿನ, ಹಂಚಿದ ಸಿಹಿ ಪೊಟ್ಟಣಗಳ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ನೋಂದಣಿಗೆ ಮೊದಲು ಕೊಂಡ ಯಂತ್ರಗಳ ತೆರಿಗೆಯೂ ಹಾಗೆಯೇ ಕೈಬಿಟ್ಟುಹೋಗುತ್ತದೆ. ಮುಹೂರ್ತ ನೋಡಿಸುವ ಮೊದಲೇ ನೋಂದಣಿಯ ಅರ್ಜಿ ಹಾಕುವುದು ಲೇಸು.

ಇವೆಲ್ಲಕ್ಕಿಂತ ತೊಡಕಿನದು ಬಂದ ಹಣ. ಮದುವೆಯಲ್ಲಿ ಬಂದ ಉಡುಗೊರೆಗೆ ತೆರಿಗೆಯಿಲ್ಲ; ಅಂಗಡಿಯ ಪೂಜೆಗೆ ಆ ವಿನಾಯಿತಿ ಇಲ್ಲ. ಸೋದರಮಾವ ಕೊಟ್ಟರೆ ಕಾನೂನಿನಲ್ಲಿ ಆತ ಬಂಧು, ತೆರಿಗೆಯಿಲ್ಲ. ಸೋದರಮಾವನ ಮಗ ಆ ಪಟ್ಟಿಯಲ್ಲಿಲ್ಲ. ಅಂಥವರಿಂದ ವರ್ಷದಲ್ಲಿ ಬಂದ ಒಟ್ಟು ಹಣ 50,000 ಮೀರಿದರೆ ಪೂರ್ತಿ ಮೊತ್ತವೇ ಆದಾಯ. ಪಾಲುದಾರಿಕೆ ಸಂಸ್ಥೆಯ ಹೆಸರಿಗೆ ಕೊಟ್ಟರಂತೂ, ಸಂಸ್ಥೆಗೆ ಸೋದರಮಾವನೆಲ್ಲಿಂದ ಬರಬೇಕು! ಇನ್ನು ಸಾಲವಾದರೆ, 20,000 ಅಥವಾ ಅದಕ್ಕಿಂತ ಹೆಚ್ಚಿನದನ್ನು ಬ್ಯಾಂಕಿನ ಮೂಲಕವೇ ಪಡೆಯಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಈ ಮಿತಿಗಳನ್ನು ಉಳಿಸಿಕೊಂಡಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಇಬ್ಬರು ಮಕ್ಕಳು ಕಬ್ಬಿಣದ ಸಾಮಾನಿನ ಅಂಗಡಿ ತೆರೆದರು. ಪೂಜೆಯ ತಟ್ಟೆಯಲ್ಲಿ, ವೀಳ್ಯದೆಲೆಯ ಮೇಲೆ, ಅವರ ಸೋದರಮಾವ ಒಂದೂವರೆ ಲಕ್ಷದ ನೋಟಿನ ಕಟ್ಟನ್ನಿಟ್ಟು ಆಶೀರ್ವದಿಸಿದರು. ನಾನೂ ಅಲ್ಲಿದ್ದೆ, ಊಟ ಮಾಡಿ ಬಂದೆ. ಅದು ಏನೆಂದು ಕೇಳಲಿಲ್ಲ. ಹಣ ಸರಕಿಗೆ ಹೋಯಿತು, ಕಿರ್ದಿಗೆ ಬರಲಿಲ್ಲ. ಮಾವ ತೀರಿಕೊಂಡ ಬಳಿಕ ಅವರ ಮಕ್ಕಳು ಅದನ್ನು ಸಾಲವೆಂದು ಬಡ್ಡಿಸಹಿತ ಕೇಳಿದರು. ಅಣ್ಣ ಉಡುಗೊರೆಯೆಂದ, ತಮ್ಮ, ಮಾವ ತನ್ನ ಪಾಲಿನ ಬಂಡವಾಳಕ್ಕೆ ಕೊಟ್ಟದ್ದೆಂದ. ಮೂವರಲ್ಲಿ ಯಾರ ಬಳಿಯೂ ಚೀಟಿಯಿರಲಿಲ್ಲ. ಸಾಲವೆಂದು ಒಪ್ಪಿದರೆ ನಗದಾಗಿ ಪಡೆದ ತಪ್ಪಿಗೆ ಅಷ್ಟೇ ಮೊತ್ತದ ದಂಡದ ಭಯ. ಕೊನೆಗೆ ಅರ್ಧ ಹಣಕ್ಕೆ ರಾಜಿಯಾಯಿತು. ಎರಡು ಮನೆಗಳ ನಡುವೆ ಹೋಗಿಬರುವುದು ಮಾತ್ರ ನಿಂತೇಹೋಯಿತು.

ಅಂದಿನಿಂದ ಪೂಜೆಯ ಕರೆಯೋಲೆ ತರುವವರಿಗೆ ನಾನು ಮುಂಚಿತವಾಗಿಯೇ ಒಂದು ಮಾತು ಹೇಳುತ್ತೇನೆ. ಹಿರಿಯರು ದೊಡ್ಡ ಮೊತ್ತ ಕೊಡುವುದಿದ್ದರೆ ತಟ್ಟೆಗೆ 101 ರೂಪಾಯಿ ಇಡಲಿ, ಉಳಿದದ್ದು ಚೆಕ್ಕಿನಲ್ಲಿ ಬರಲಿ. ಜೊತೆಗೆ ಉಡುಗೊರೆಯೋ, ಸಾಲವೋ, ಬಂಡವಾಳವೋ, ಯಾರ ಹೆಸರಿಗೆ ಎಂಬ ನಾಲ್ಕು ಸಾಲಿನ ಪತ್ರವೂ ಇರಲಿ. ಸಂಜೆ ಬಂಧುಗಳು ಹೊರಡುವ ಮುನ್ನ 'ಶ್ರೀ'ಕಾರದ ಕೆಳಗೆ ಅದನ್ನು ಬರೆದು, ಪಾಲುದಾರರೆಲ್ಲರ ಸಹಿ ಹಾಕಿಸಲು ಹತ್ತು ನಿಮಿಷ ಸಾಕಾಗುತ್ತದೆ.