ತುತ್ತು ಸರಿ, ಕವರ್ ಯಾಕೆ?

ಊಟಕ್ಕೆ ಮೊದಲು ಹಸುವಿಗೆಂದು ಒಂದು ತುತ್ತು ಎತ್ತಿಡೋದು ನಮ್ಮಲ್ಲಿ ಎಷ್ಟೋ ಮನೆಗಳ ಹಳೇ ರೂಢಿ. ಅದೇ ಗೋಗ್ರಾಸ. ಗ್ರಾಸ ಅಂದ್ರೆ ತುತ್ತು, ಬಕೆಟ್ ಅಲ್ಲ! ಹಾಸ್ಟೆಲ್ ಗೇಟಿನ ಹತ್ತಿರ ನಾವು ಮಾಡ್ತಿರೋದೇ ಬೇರೆ: ಉಳಿದ ಅನ್ನ-ಸಾರು ಕವರಿಗೆ ಸುರಿದು, ಗಂಟು ಹಾಕಿ ಇಟ್ಟು ಬರ್ತೀವಿ. ಪುಣ್ಯ ಬಂತು ಅಂದ್ಕೊಳ್ತೀವಿ.

ಹಸುವಿಗೆ ಗಂಟು ಬಿಚ್ಚೋಕೆ ಬರಲ್ಲ. ಅದು ಮೊದಲು ನುಂಗುತ್ತೆ, ಆಮೇಲೆ ಮೆಲುಕು ಹಾಕುತ್ತೆ. ನುಂಗಿದ್ದು ಹೊಟ್ಟೆಯ ನಾಲ್ಕು ಭಾಗಗಳಲ್ಲಿ ದೊಡ್ಡದಾದ ರೂಮೆನ್ ಸೇರುತ್ತೆ. ಅಲ್ಲಿಂದ ಮುಂದಿನ ದಾರಿ ಒಂಥರಾ ಜರಡಿ. ನುಣ್ಣಗಾದ ಮೇವು ಮಾತ್ರ ದಾಟುತ್ತೆ. ಪ್ಲಾಸ್ಟಿಕ್ ಅಲ್ಲೇ ಉಳಿದು ಉಂಡೆಯಾಗುತ್ತೆ. ನೋಡೋಕೆ ಹೊಟ್ಟೆ ತುಂಬಿರುತ್ತೆ, ಹಸು ಮಾತ್ರ ಸೊರಗುತ್ತಾ ಹೋಗುತ್ತೆ. ತೆಗೆಯಬೇಕಾದರೆ ಪಕ್ಕೆ ಕೊಯ್ದು ಆಪರೇಷನ್ನೇ ಆಗಬೇಕು. ಪುಟ್ಟಪರ್ತಿಯ ಕರುಣಾ ಸೊಸೈಟಿ ಇಂಥ ಆಪರೇಷನ್‌ಗಳನ್ನು ಮಾಡಿಸಿ, 2012ರಲ್ಲಿ ಇದೇ ವಿಷಯಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು.

ಕವರ್ ಇಲ್ಲದಿದ್ದರೂ ರಾಶಿ ಅನ್ನ ಅಪಾಯವೇ. ರೂಮೆನ್‌ನಲ್ಲಿ ಪಿಷ್ಟ ಬೇಗ ಹುಳಿಯುತ್ತೆ, ಪಿಎಚ್ ಇಳಿಯುತ್ತೆ, ಹಸು ಸಾಯಲೂಬಹುದು.

ಹಾಲು ಬತ್ತಿದ ಹಸುಗಳು, ಗಂಡು ಕರುಗಳು ಹೀಗೆ ಬೀದಿಗೆ ಬರ್ತವೆ. ಕೆಲವಕ್ಕೆ ಗೋಶಾಲೆ, ಪಿಂಜರಾಪೋಲ್ ಸಿಗುತ್ತೆ, ಉಳಿದವಕ್ಕೆ ನಮ್ಮ ಗೇಟು. 1966ರ ಕರ್ನಾಟಕ ಭೂಕಂದಾಯ ನಿಯಮದಲ್ಲಿ ಊರಿನ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಅಂತಿದೆ. ಕ್ಯಾಂಪಸ್ ಸುತ್ತ ನಮಗೆ ಕಾಣೋದು ಬರೀ ಲೇಔಟು.

ಕೊಡೋದಾದ್ರೆ ಹಸಿಹುಲ್ಲು ಕೊಡಿ, ಜೊತೆಗೊಂದು ಬಕೆಟ್ ನೀರು. ಬಾಳೆಹಣ್ಣಿನ ಸಿಪ್ಪೆಯೂ ಆದೀತು, ಕವರಿಂದ ತೆಗೆದು. ಎಡಪಕ್ಕೆ ಉಬ್ಬಿದ, ಮೆಲುಕು ನಿಲ್ಲಿಸಿದ ಹಸು ಕಂಡರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.