ಹಾಲವಾಣದ ಕೀಲುಮೀನು

ಗಾಳಕ್ಕೆ ಎರೆಹುಳುವನ್ನೋ ಹಿಟ್ಟಿನುಂಡೆಯನ್ನೋ ಸಿಕ್ಕಿಸಿ ಕಾಯುವ ಕ್ರಮ ಸಕಲೇಶಪುರ, ಆಲೂರು ಸೀಮೆಯ ಹೊಳೆಹಳ್ಳಗಳಲ್ಲಿ ಬಹಳ ಹಳೆಯದು. ಇದಕ್ಕಿಂತ ಭಿನ್ನವಾಗಿ, ತಿನ್ನಲು ಏನನ್ನೂ ಒಡ್ಡದೆ ಬರಿಯ ಆಕಾರ ಮತ್ತು ಚಲನೆಯಿಂದ ಬೇಟೆಯ ಮೀನನ್ನು ಸೆಳೆಯುವ ಕೃತಕ ಎರೆಗೆ ಲೂರ್ ಎಂದು ಹೆಸರು. ಮರದಲ್ಲಿ ಕಡೆದ ಅದರ ಒಡಲನ್ನು ಎರಡು ಮೂರು ತುಂಡು ಮಾಡಿ, ಬಾಗುವಂತೆ ಮತ್ತೆ ಜೋಡಿಸಿದರೆ ಅದನ್ನು ಕೀಲುಮೀನು ಎನ್ನಬಹುದು. ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಕಾರ್ಕಿನ ತುಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿಹಾಳೆ ಸುತ್ತಿ, ಕರಗಿಸಿದ ಫೋಟೊ ನೆಗೆಟಿವನ್ನು ಮೇಲೆ ಬಳಿದು ತನ್ನ ಮೊದಲ ಲೂರ್ ಮಾಡಿದನು. ಅವನದು ಕೀಲಿಲ್ಲದ ಮೀನಾಗಿತ್ತು. ಆದರೂ ಈ ವಿದ್ಯೆಗೆ ಕಾರ್ಖಾನೆ ಬೇಕಿಲ್ಲವೆಂಬುದಕ್ಕೆ ಆ ಒಂದು ನಿದರ್ಶನ ಸಾಕು.

ಬೇಕಾದ ಮರ ಕಾಫಿ ತೋಟದಲ್ಲೇ ಇದೆ. ನೆರಳಿಗಾಗಿ ಬೆಳೆಸುವ ಹಾಲವಾಣದ ಕೊಂಬೆಗಳು ಮರಗಸಿಯ ಕಾಲದಲ್ಲಿ, ಅಂದರೆ ನೆರಳನ್ನು ತೆಳುವಾಗಿಸಲು ಕೊಂಬೆ ಕಡಿಯುವ ಕಾಲದಲ್ಲಿ, ರಾಶಿ ಬೀಳುತ್ತವೆ. ಅದರ ಮರ ಹಗುರ, ಮೃದು, ಸಣ್ಣ ಚಾಕುವಿಗೂ ಬಗ್ಗುವಂಥದು. ಆದರೆ ಹಸಿಯಾಗಿದ್ದಾಗ ಕೆತ್ತಿದರೆ ಬಿರಿಯುತ್ತದೆ, ಹುಳುವೂ ಬೇಗ ಹಿಡಿಯುತ್ತದೆ, ಆದ್ದರಿಂದ ಅದನ್ನು ಸೀಳಿ ನೆರಳಿನಲ್ಲಿ ಚೆನ್ನಾಗಿ ಒಣಗಿಸಿಕೊಳ್ಳಬೇಕು. ಸಿಲ್ವರ್ ಓಕ್ ಹೆಚ್ಚು ತೂಗುತ್ತದೆ, ಸ್ಕ್ರೂವನ್ನು ಬಿಗಿಯಾಗಿ ಹಿಡಿಯುತ್ತದೆ.

ತೂಕದ ಲೆಕ್ಕ ಸರಳವಾದುದು. ಒಂದು ಘನ ಸೆಂಟಿಮೀಟರ್ ನೀರು 1 ಗ್ರಾಂ ತೂಗುವುದರಿಂದ, 20 ಘನ ಸೆಂಟಿಮೀಟರ್ ಗಾತ್ರದ ಒಡಲು 6 ಗ್ರಾಂ ತೂಗಿದರೆ, ಗಾಳ, ಕೊಂಡಿ ಮತ್ತು ಸೀಸಗಳೆಲ್ಲ ಸೇರಿ ಸುಮಾರು 14 ಗ್ರಾಂ ಆದಾಗ ಅದು ಮುಳುಗುವ ಅಂಚಿಗೆ ಬರುತ್ತದೆ. ಸೀಸವನ್ನು ಹೊಟ್ಟೆಯ ಕೆಳಗೆ, ತುಸು ಮುಂದಕ್ಕೆ ಹುದುಗಿಸದಿದ್ದರೆ ಮೀನು ಮಗುಚಿಕೊಳ್ಳುತ್ತದೆ.

ಇಡೀ ಕೆಲಸದ ಜೀವ ಕೀಲಿನಲ್ಲಿದೆ. ಮೊದಲು ಇಡೀ ಮೀನನ್ನು ಕೆತ್ತಿ ನಯಗೊಳಿಸಿ, ಆಮೇಲೆ ಗರಗಸದಿಂದ ಕತ್ತರಿಸಿದರೆ ಮಾತ್ರ ತುಂಡುಗಳ ರೇಖೆ ಒಂದಕ್ಕೊಂದು ಕೂಡುತ್ತದೆ. ಹಿಂದಿನ ತುಂಡಿನ ಮುಖವನ್ನು ಇಕ್ಕೆಲಗಳಲ್ಲಿ ಓರೆಯಾಗಿ ತರಿದು ಗೂಟದ ಮೊನೆಯಂತೆ ಮಾಡಿ, ತಲೆಯಲ್ಲಿ ಬಳೆಯಿರುವ ಎರಡು ಸಣ್ಣ ಸ್ಕ್ರೂಗಳನ್ನು ಒಂದರ ಮೇಲೊಂದು ಇರುವಂತೆ, ಬಳೆಗಳು ಅಡ್ಡಲಾಗಿ ಮಲಗುವಂತೆ ತಿರುಗಿಸಬೇಕು. ಮುಂದಿನ ತುಂಡಿನಲ್ಲಿ ಅವು ಕೂರಲು ಸೀಳು ಬಿಟ್ಟು, ಬೆನ್ನಿನಿಂದ ಹೊಟ್ಟೆಯವರೆಗೆ ತುಕ್ಕು ಹಿಡಿಯದ ಉಕ್ಕಿನ ತಂತಿಯನ್ನು ಎರಡೂ ಬಳೆಗಳ ಮೂಲಕ ನೆಟ್ಟಗೆ ಇಳಿಸಬೇಕು. ಬಾಗಿಲಿನ ತಿರುಗಣಿಯಂತಿರುವ ಈ ಜೋಡಣೆಯಲ್ಲಿ ಬಾಲ ಎಡಬಲಕ್ಕಷ್ಟೇ ತೊನೆಯುತ್ತದೆ. ಎರಡು ಬಳೆಗಳನ್ನು ಸುಮ್ಮನೆ ಒಂದಕ್ಕೊಂದು ಸಿಕ್ಕಿಸಿದರೆ ಅದು ಮೇಲೆ ಕೆಳಗೂ ಜೋಲಾಡುತ್ತದೆ. ಕೀಲಿನ ಬಳಿ ಕತ್ತರಿಸಿದ ಮುಖಗಳೇ ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುವುದರಿಂದ, ಅಲ್ಲಿಗೂ ಸ್ಕ್ರೂ ತೂತುಗಳ ಒಳಕ್ಕೂ ವಾರ್ನಿಷ್ ಹಚ್ಚಲು ಮರೆತರೆ ಮರ ಉಬ್ಬಿ ಕೀಲು ಬಿಗಿದು ನಿಲ್ಲುತ್ತದೆ.

ಗದ್ದದ ಕೆಳಗೆ ಕೂರಿಸುವ ತಗಡಿನ ತುಟಿ ನೀರನ್ನು ಒತ್ತಿದಾಗ ಎರಡೂ ಬದಿಯಲ್ಲಿ ಸರದಿಯಂತೆ ಸುಳಿಗಳೆದ್ದು ತಲೆ ಅಲುಗುತ್ತದೆ, ಬಾಲ ತುಸು ತಡವಾಗಿ ಅದನ್ನು ಹಿಂಬಾಲಿಸುತ್ತದೆ. ಮೀನಿನ ಮೈಯ ಉದ್ದಕ್ಕೂ ಇರುವ ಪಾರ್ಶ್ವರೇಖೆ ಎಂಬ ಇಂದ್ರಿಯವು ಈ ಕಂಪನವನ್ನು ಗ್ರಹಿಸುವುದರಿಂದ ಕದಡಿದ ನೀರಿನಲ್ಲಿ ಬಣ್ಣಕ್ಕಿಂತ ಕೀಲೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಬಣ್ಣ ಬಳಿಯುವ ಮುನ್ನ ನೀರಿನ ತೊಟ್ಟಿಯಲ್ಲಿ ಎಳೆದು ನೋಡುವುದು ಒಳ್ಳೆಯದು.

ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಾಗಲಿ, ಸಕಲೇಶಪುರದ ಬದಿಯ ಹೇಮಾವತಿಯಾಗಲಿ, ಇಳಿಯುವ ಮುನ್ನ ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿಯ ವಿಷಯ ವಿಚಾರಿಸಬೇಕು. ಬಿಸಿಲೆಯಂಥ ಮೀಸಲು ಅರಣ್ಯದ ಹೊಳೆಗಳನ್ನು ಬಿಟ್ಟೇಬಿಡಬೇಕು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಕಾಯಿದೆಯೇ ನಿಷೇಧಿಸಿದೆ. ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಸೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿರುವಾಗ, ಮೂರು ಮೊನೆಯ ಗಾಳವನ್ನು ಬಿಟ್ಟು ಹಿಮ್ಮುಳ್ಳು ಚಪ್ಪಟೆ ಮಾಡಿದ ಒಂಟಿ ಗಾಳವನ್ನು ಕಟ್ಟುವುದೇ ಸರಿ. ಸಿಕ್ಕ ಮೀನನ್ನು ಹೆಚ್ಚು ಗಾಯವಿಲ್ಲದೆ ಬಿಡಲು ಅದರಿಂದ ಸಾಧ್ಯ.

ಕುಚ್ಚು, ಕೊರವ ಎಂಬ ಹೆಸರುಗಳ ಹಾವುತಲೆಯ ಮೀನು ಈ ಲೂರಿಗೆ ಬಲವಾಗಿ ಎರಗುತ್ತದೆ. ಮರಿ ಮಾಡಿದಾಗ ಅದು ನೀರಿನ ಮೇಲ್ಭಾಗದಲ್ಲಿ ಉಂಡೆಗಟ್ಟಿ ಈಜುವ ಕೆಂಬಣ್ಣದ ಮರಿಗಳಿಗೆ ಕಾವಲು ನಿಲ್ಲುತ್ತದೆ. ಅಂಥ ಗುಂಪು ಕಂಡರೆ ದಾರ ಸುತ್ತಿಕೊಂಡು ಮುಂದೆ ಹೋಗಬೇಕು. ಕಾವಲಿನ ಮೀನು ಹೊಟ್ಟೆಗಾಗಿ ಅಲ್ಲ, ಮರಿಗಳಿಗಾಗಿ ಲೂರನ್ನು ಕಚ್ಚುತ್ತದೆ, ಅದು ಹೋದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.