ಹೆಸರು ಮೊದಲೇ ಬಂತು
2025ರ ಮೇ ಮೂರನೇ ವಾರ. ಜಾಲತಾಣಗಳಲ್ಲಿ ‘ಶಕ್ತಿ’ ಚಂಡಮಾರುತ ಆಗಲೇ ಅಬ್ಬರಿಸುತ್ತಿತ್ತು. ಅರಬ್ಬಿ ಸಮುದ್ರದಲ್ಲಿ ಇದ್ದದ್ದು ಬರೀ ವಾಯುಭಾರ ಕುಸಿತ. ಆ ಹೆಸರಿನ ಚಂಡಮಾರುತ ನಿಜಕ್ಕೂ ಎದ್ದದ್ದು ಅಕ್ಟೋಬರ್‌ನಲ್ಲಿ!

ಹವ್ಯಾಸಿ ಹವಾಮಾನ ವೀಕ್ಷಕರು ಇಂಥ ಹೊತ್ತಲ್ಲಿ ಮೊದಲು ತೆರೆಯುವುದು ಇನ್ಸಾಟ್ ಉಪಗ್ರಹದ ಚಿತ್ರ. ಮೋಡ ಒಂದೇ ಕೇಂದ್ರದ ಸುತ್ತ ಸುರುಳಿ ಸುತ್ತುತ್ತಿದೆಯೇ, ಇಲ್ಲ ಮೇಲಿನ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತಿದೆಯೇ? ಗುಟ್ಟು ಇರುವುದೇ ಇಲ್ಲಿ. ಮೇ ತಿಂಗಳ ಅರಬ್ಬಿ ಸಮುದ್ರಕ್ಕೆ ಶಾಖದ ಬರವಿಲ್ಲ, ಚಂಡಮಾರುತಕ್ಕೆ ಬೇಕಾದ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ನೀರು ಬೆಚ್ಚಗೇ ಇರುತ್ತದೆ. ಆದರೆ ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ದಿಕ್ಕು, ವೇಗ ತೀರಾ ಬೇರೆಯಾದರೆ ಸುರುಳಿ ನೆಟ್ಟಗೆ ನಿಲ್ಲುವುದಿಲ್ಲ.

ಆಮೇಲೆ ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯುಎಫ್ ಮುನ್ಸೂಚನಾ ಮಾದರಿಗಳ ಹೋಲಿಕೆ. ಹತ್ತು ದಿನ ಮುಂದಿನ ನಕ್ಷೆಯಲ್ಲಿ ಕಾಣುವ ಕೆಂಪು ಚಕ್ರದ ಸ್ಕ್ರೀನ್‌ಶಾಟ್ ಹಂಚಿದರೆ ಲೈಕ್ ಬರುತ್ತದೆ ನಿಜ. ಪಳಗಿದವರು ಎರಡೂ ಮಾದರಿ ಒಂದೇ ಕಡೆ ಬೊಟ್ಟು ಮಾಡುವವರೆಗೆ ಕಾಯುತ್ತಾರೆ.

ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರಷ್ಟೇ ಹವಾಮಾನ ಇಲಾಖೆ ಹೆಸರಿಡುವುದು. ಮೇ ತಿಂಗಳ ಆ ವಾಯುಭಾರ ಕುಸಿತ ಅಷ್ಟು ಮುಟ್ಟಲಿಲ್ಲ.

ಮೇ 24ರಂದು ಅದು ರತ್ನಾಗಿರಿ–ದಾಪೋಲಿ ನಡುವೆ ದಡ ಸೇರಿತು. ಅದೇ ದಿನ ಮುಂಗಾರು ಕೇರಳಕ್ಕೆ ಕಾಲಿಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲೇ.